ಬಸ್ ‘ಬಸ್ಸು’ ಆಯಿತು, ಕಾರ್ ‘ಕಾರು’ ಆಯಿತು: ಮಾತಿನ ಸದ್ದು ಕಲಿತ ಕಥೆ

ತಳಕಲ್ ನಮ್ಮ ಕಡೆಯ ರೈಲು ಜಂಕ್ಷನ್. ಗದಗಿನಿಂದ ಕೊಪ್ಪಳಕ್ಕೆ ಬರುವ ದಾರಿಯಲ್ಲಿದೆ. ವಾಡಿ ಕಡೆಗಿನ ಹೊಸ ಮಾರ್ಗ ಇಲ್ಲಿಂದಲೇ ಕುಷ್ಟಗಿಯತ್ತ ಹೊರಳುತ್ತದೆ. ಕಾಗದದ ಮೇಲೆ ಊರ ಹೆಸರನ್ನು ‘ತಳಕಲ್’ ಎಂದು ಬರೆಯುತ್ತೇವೆ. ಆದರೆ ಅಲ್ಲಿಗೆ ಹೊರಟವರು ‘ತಳಕಲಿಗೆ’ ಎನ್ನುವುದಿಲ್ಲ. ‘ತಳಕಲ್ಲಿಗೆ’ ಎನ್ನುತ್ತಾರೆ. ಒಂದು ‘ಲ’ ಇದ್ದದ್ದು ಎರಡಾಗುತ್ತದೆ.

ಇದು ಕಲ್ಲಿಗೆ ಮಾತ್ರ ಸೇರಿದ ಸಂಗತಿಯಲ್ಲ. ಹಳಗನ್ನಡದಲ್ಲಿ ಕಲ್, ಕಣ್, ಮಣ್ ಎಂಬ ಪದಗಳಿದ್ದವು. ಇವತ್ತು ಅವು ಕಲ್ಲು, ಕಣ್ಣು, ಮಣ್ಣು. ಆದರೆ ಕಾಲ್, ಬೇರ್, ತೇರ್ ಎಂಬವು ಕಾಲು, ಬೇರು, ತೇರು ಆದವು. ‘ಕಾಲ್ಲು’ ಆಗಲಿಲ್ಲ, ‘ತೇರ್ರು’ ಆಗಲಿಲ್ಲ.

ಈಗ ಇಂಗ್ಲಿಷಿನಿಂದ ಬಂದ ಪದ ನೋಡಿ. ಬಸ್ ಬಂತು, ಬಸ್ಸು ಆಯಿತು. ಪೆನ್ ಪೆನ್ನು, ಬಿಲ್ ಬಿಲ್ಲು, ಪಿನ್ ಪಿನ್ನು. ಆದರೆ ಕಾರ್ ಕಾರು, ರೋಡ್ ರೋಡು, ಗೇಟ್ ಗೇಟು, ಬೋರ್ ಬೋರು. ನಮ್ಮ ಕಡೆ ಕೊನೆಯ ‘ಉ’ ಸಡಿಲಾಗಿ ‘ಕಲ್ಲ’, ‘ಬಸ್ಸ’ ಎಂದು ಕೇಳಿಸಬಹುದು. ದ್ವಿತ್ವವನ್ನು ಮಾತ್ರ ಯಾರೂ ಬಿಡುವುದಿಲ್ಲ.

ಈ ನಿಯಮವನ್ನು ನಿಮಗೆ ಯಾರು ಹೇಳಿಕೊಟ್ಟರು? ಅವ್ವ ಹೇಳಲಿಲ್ಲ, ಮಾಸ್ತರು ಹೇಳಲಿಲ್ಲ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೂ ಬಸ್ಸಿಗೆ ಎರಡು ‘ಸ’ ಹಾಕುತ್ತಾಳೆ, ಕಾರಿಗೆ ಒಂದೇ ‘ರ’ ಹಾಕುತ್ತಾಳೆ. ಯಾರೂ ಕಲಿಸದ್ದನ್ನು ಮಗು ಹೇಗೆ ಕಲಿಯುತ್ತದೆ? ಎರಡು ಸಾವಿರ ವರ್ಷಕ್ಕೂ ಹಳೆಯ ಈ ಪ್ರಶ್ನೆಯನ್ನು ಈಗ ಕಂಪ್ಯೂಟರಿನ ಮುಂದೆಯೂ ಇಟ್ಟಿದ್ದಾರೆ. ಅದರ ಉತ್ತರಕ್ಕೂ ನಮ್ಮ ಕೊಪ್ಪಳದ ಮಾತಿಗೂ ಹತ್ತಿರದ ನಂಟಿದೆ. ಆ ಇತಿಹಾಸವನ್ನು ಇಲ್ಲಿ ಹೇಳುತ್ತೇವೆ.

ತಿರುಳ್ಗನ್ನಡದ ನೆಲ

ಸುಮಾರು 850ರ ಹೊತ್ತಿಗೆ ರಾಷ್ಟ್ರಕೂಟ ದೊರೆ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನು ‘ಕವಿರಾಜಮಾರ್ಗ’ ಬರೆದ. ನಮಗೆ ಸಿಕ್ಕಿರುವ ಕನ್ನಡ ಗ್ರಂಥಗಳಲ್ಲಿ ಅದೇ ಮೊದಲನೆಯದು. ಕಾವೇರಿಯಿಂದ ಗೋದಾವರಿವರೆಗೆ ಕನ್ನಡ ನಾಡು ಹರಡಿದೆ ಎಂದು ಹೇಳಿದ ಮೇಲೆ, ಅದರೊಳಗೂ ಕನ್ನಡದ ತಿರುಳು ಎಲ್ಲಿದೆ ಎಂದು ಆ ಗ್ರಂಥ ನಾಲ್ಕು ಊರುಗಳನ್ನು ಹೆಸರಿಸುತ್ತದೆ. ಕಿಸುವೊಳಲ್ ಎಂದರೆ ಇಂದಿನ ಪಟ್ಟದಕಲ್ಲು. ಪುಲಿಗೆರೆ ಎಂದರೆ ಲಕ್ಷ್ಮೇಶ್ವರ. ಒಂಕುಂದ ಎಂದರೆ ಬೆಳಗಾವಿ ಜಿಲ್ಲೆಯ ಒಕ್ಕುಂದ. ನಾಲ್ಕನೆಯದು ಮಹಾಕೊಪಣ ನಗರ, ಅಂದರೆ ನಮ್ಮ ಕೊಪ್ಪಳ.

ನಕಾಶೆಯಲ್ಲಿ ಈ ಊರುಗಳನ್ನು ಗುರುತು ಮಾಡಿ ನೋಡಿ. ತಳಕಲ್, ಕುಕನೂರು, ಯಲಬುರ್ಗಾ ಎಲ್ಲ ಆ ಸೀಮೆಯದೇ ನೆಲ. ಇವತ್ತು ಊರ ಹುಡುಗರು ಪಟ್ಟಣಕ್ಕೆ ಹೋದಾಗ ‘ನಿಮ್ಮದು ಎಂಥಾ ಕನ್ನಡ’ ಎಂದು ನಗುವವರಿದ್ದಾರೆ. ಒಂಬತ್ತನೇ ಶತಮಾನದಲ್ಲಿ ಇದೇ ಸೀಮೆಯ ಮಾತು ಕನ್ನಡದ ತಿರುಳು ಅನ್ನಿಸಿಕೊಂಡಿತ್ತು.

ಅದೇ ಗ್ರಂಥ ಇನ್ನೊಂದು ಮಾತನ್ನೂ ಹೇಳುತ್ತದೆ. ದೇಸೆ ದೇಸೆಗೂ ಕನ್ನಡ ಬೇರೆ ಬೇರೆ ಇರುವುದರಿಂದ, ಇಷ್ಟೇ ತಪ್ಪು ಎಂದು ಎಣಿಸಲು ಹೊರಟರೆ ಸಾವಿರ ನಾಲಗೆಯ ವಾಸುಕಿಗೂ ಬೇಸರ ಬಂದೀತು ಎಂಬುದು ಅದರ ಭಾವ. ಊರಿಗೊಂದು ಕನ್ನಡ ಎಂಬುದು ಟಿವಿ ಬಂದ ಮೇಲೆ ಹುಟ್ಟಿದ ಗೊಂದಲವಲ್ಲ. ಕನ್ನಡದ ಮೊದಲ ಗ್ರಂಥದ ಹೊತ್ತಿಗೇ ಅದು ಇತ್ತು.

‘ಪ’ ಹೋಗಿ ‘ಹ’ ಬಂದದ್ದು

ಹಾಸನ ಜಿಲ್ಲೆಯ ಹಲ್ಮಿಡಿ ಶಾಸನದ ಕಾಲ ಸುಮಾರು 450. ಅದರಲ್ಲಿ ಊರ ಹೆಸರು ಇರುವುದು ‘ಪಲ್ಮಿಡಿ’ ಎಂದು. ಇಂದು ಅದು ಹಲ್ಮಿಡಿ. ಪುಲಿಗೆರೆ ಮುಂದೆ ಹುಲಿಗೆರೆ ಆಯಿತು. ಪಾಲ್ ಹಾಲು ಆಯಿತು, ಪುಲಿ ಹುಲಿ ಆಯಿತು, ಪಳ್ಳಿ ಹಳ್ಳಿ ಆಯಿತು, ಪೊಲ ಹೊಲ ಆಯಿತು.

ನಮ್ಮ ಗಂಗಾವತಿ ಭಾಗದಲ್ಲಿ ಇದರ ಸೊಗಸಾದ ಸಾಕ್ಷಿ ಇದೆ. ಆನೆಗುಂದಿಯ ಹತ್ತಿರ ಪಂಪಾ ಸರೋವರ, ಹೊಳೆಯ ಆಚೆ ಹಂಪಿ. ಪಂಪೆಯಿಂದಲೇ ಹಂಪಿ. ಪುರಾಣದ ಹೆಸರಿನಲ್ಲಿ ‘ಪ’ ಹಾಗೇ ಉಳಿಯಿತು, ಜನರ ಬಾಯಲ್ಲಿದ್ದ ಹೆಸರಿನಲ್ಲಿ ‘ಹ’ ಆಯಿತು. ಇನ್ನೂ ಸೂಕ್ಷ್ಮವಾಗಿ ನೋಡಿ. ಪಂಪೆಯಲ್ಲಿ ಎರಡು ‘ಪ’ ಇವೆ. ಬದಲಾದದ್ದು ಮೊದಲನೆಯದು ಮಾತ್ರ. ಅನುಸ್ವಾರದ ನಂತರದ್ದು ಹಾಗೇ ನಿಂತಿದೆ, ‘ಹಂಹಿ’ ಆಗಲಿಲ್ಲ. ಅಪ್ಪ, ತಪ್ಪು, ಉಪ್ಪು ಎಂಬ ಪದಗಳ ಒತ್ತು ‘ಪ್ಪ’ ಕೂಡ ಬದಲಾಗಲಿಲ್ಲ. ಸದ್ದು ಬದಲಾಗುವುದು ಮನಸ್ಸಿಗೆ ಬಂದಂತೆ ಅಲ್ಲ. ಎಲ್ಲಿ ಬದಲಾಗಬೇಕು, ಎಲ್ಲಿ ನಿಲ್ಲಬೇಕು ಎಂಬುದಕ್ಕೆ ಕ್ರಮ ಇದೆ.

ಈ ಕ್ರಮವನ್ನು ಹುಡುಕಿ ತೆಗೆದವರು ಶಾಸನ ಓದಿದ ವಿದ್ವಾಂಸರು. ಎ.ಎನ್. ನರಸಿಂಹಯ್ಯ ಅವರು 6 ಮತ್ತು 7ನೇ ಶತಮಾನದ ಕನ್ನಡ ಶಾಸನಗಳ ವ್ಯಾಕರಣವನ್ನು 1941ರಲ್ಲಿ ಪ್ರಕಟಿಸಿದರು. ಜಿ.ಎಸ್. ಗಾಯಿ ಅವರು 8ರಿಂದ 10ನೇ ಶತಮಾನದ ಶಾಸನಗಳನ್ನು ಹಿಡಿದು 1946ರಲ್ಲಿ ಹಳಗನ್ನಡದ ಚಾರಿತ್ರಿಕ ವ್ಯಾಕರಣ ಬರೆದರು. ಕಲ್ಲಿನ ಮೇಲೆ ಕೆತ್ತಿದ ಒಂದೊಂದು ಪದವನ್ನೂ ಎಣಿಸಿ, ಕಾಲಕ್ಕೆ ಹೊಂದಿಸಿ, ಸದ್ದು ಹೇಗೆ ಸರಿದಿದೆ ಎಂದು ನೋಡಿದರು. ಇವತ್ತು ಕಂಪ್ಯೂಟರ್ ಮಾಡುವ ಎಣಿಕೆಯನ್ನು ಅವರು ಕೈಯಲ್ಲಿ ಮಾಡಿದ್ದರು.

ಪಟ್ಟಿ ಬೇಕಾದದ್ದು ಯಾವಾಗ?

ಹಳಗನ್ನಡದಲ್ಲಿ ‘ಳ’ ಅಲ್ಲದೆ ‘ೞ’ ಎಂಬ ಇನ್ನೊಂದು ಅಕ್ಷರವಿತ್ತು. ಮಳೆ, ಕೋಳಿ, ಬಾಳೆ ಎಂದು ನಾವು ಬರೆಯುವ ಪದಗಳು ಆಗ ಮೞೆ, ಕೋೞಿ, ಬಾೞೆ. ತಮಿಳರಲ್ಲಿ, ಮಲಯಾಳಿಗಳಲ್ಲಿ ಆ ಸದ್ದು ಇನ್ನೂ ಇದೆ. ಕನ್ನಡದಲ್ಲಿ ಅದು ‘ಳ’ದ ಜೊತೆ ಬೆರೆತುಹೋಯಿತು. 13ನೇ ಶತಮಾನದಲ್ಲಿ ‘ಶಬ್ದಮಣಿದರ್ಪಣ’ ಬರೆದ ಕೇಶಿರಾಜ, ಯಾವ ಯಾವ ಪದಕ್ಕೆ ‘ೞ’ ಬರೆಯಬೇಕು ಎಂದು ಪಟ್ಟಿಯನ್ನೇ ಕೊಟ್ಟ.

ಪಟ್ಟಿ ಯಾಕೆ ಬೇಕಾಯಿತು? ಕಿವಿಗೆ ಬೀಳುವ ವ್ಯತ್ಯಾಸಕ್ಕೆ ಯಾರೂ ಪಟ್ಟಿ ಮಾಡುವುದಿಲ್ಲ. ‘ಕಲ್ಲು’ ಪದಕ್ಕೆ ಎರಡು ‘ಲ’ ಎಂದು ಮಗುವಿಗೆ ಬಾಯಿಪಾಠ ಮಾಡಿಸುವುದಿಲ್ಲ. ತೊಟ್ಟಿಲ ಮಗು ‘ೞ’ ಮತ್ತು ‘ಳ’ ಬೇರೆ ಎಂದು ಕೇಳಿಸಿಕೊಳ್ಳುವುದು ನಿಂತಾಗ, ಕವಿಗಳಿಗೆ ಅದನ್ನು ಪುಸ್ತಕದಿಂದ ಕಲಿಸಬೇಕಾಯಿತು.

ಒಂದು ಪದದ ಪಯಣ ನೋಡಿ. ಹಳಗನ್ನಡದ ‘ಕೞ್ತೆ’ ಮುಂದೆ ‘ಕತ್ತೆ’ ಆಯಿತು. ನಮ್ಮ ಕಡೆ ಅದು ‘ಕತ್ತಿ’. ಮನೆ ನಮ್ಮಲ್ಲಿ ಮನಿ, ಕೆರೆ ಕೆರಿ, ತಲೆ ತಲಿ, ಬೆಳೆ ಬೆಳಿ. ನಾಮಪದದ ಕೊನೆಯ ‘ಎ’ ನಮ್ಮಲ್ಲಿ ‘ಇ’ ಆಗುತ್ತದೆ. ಆದರೆ ಬಂದಾನೆ ‘ಬಂದಾನ’, ಹೋಗ್ತಾರೆ ‘ಹೋಗ್ತಾರ’. ಕ್ರಿಯಾಪದದಲ್ಲಿ ಅದೇ ‘ಎ’ ‘ಅ’ ಆಗುತ್ತದೆ. ‘ಬಂದಾನಿ’ ಎಂದು ನಮ್ಮಲ್ಲಿ ಯಾವ ಮಗುವೂ ಹೇಳುವುದಿಲ್ಲ. ಮನಿ ಎನ್ನುವ ಮಗು ಪುಸ್ತಕದ ಪದವನ್ನು ಕೆಡಿಸುತ್ತಿಲ್ಲ. ಅದು ಒಂದು ಅಚ್ಚುಕಟ್ಟಾದ ನಿಯಮವನ್ನು ಪಾಲಿಸುತ್ತಿದೆ.

ಮಗುವಿನ ಕಿವಿ

1958ರಲ್ಲಿ ಅಮೆರಿಕದ ಜೀನ್ ಬರ್ಕೊ ಚಿಕ್ಕ ಮಕ್ಕಳಿಗೆ ಒಂದು ಚಿತ್ರ ತೋರಿಸಿದರು. ಹಕ್ಕಿಯಂಥ ಒಂದು ಪ್ರಾಣಿ. ‘ಇದು ವಗ್’ ಎಂದರು. ಹಾಗೊಂದು ಪದವೇ ಇಲ್ಲ, ಅವರೇ ಕಟ್ಟಿದ್ದು. ‘ಈಗ ಎರಡು ಇವೆ, ಏನನ್ನಬೇಕು?’ ಎಂದು ಕೇಳಿದರು. ಇಂಗ್ಲಿಷಿನ ಬಹುವಚನದ ಸದ್ದು ಕೆಲವು ಪದಗಳಲ್ಲಿ ‘ಸ್’, ಕೆಲವದರಲ್ಲಿ ‘ಜ್’ ಥರ. ಮಕ್ಕಳಲ್ಲಿ ಹೆಚ್ಚಿನವರು ಸರಿಯಾದ ಸದ್ದನ್ನೇ ಹಚ್ಚಿದರು. ಕೇಳಿದ ಪದವನ್ನು ಒಪ್ಪಿಸಿದ್ದರೆ ಇದು ಆಗುತ್ತಿರಲಿಲ್ಲ. ಕೇಳಿದ್ದರಿಂದ ಅವರು ನಿಯಮ ಸೋಸಿಕೊಂಡಿದ್ದರು. ಅದೇ ‘ವಗ್’ ನಮ್ಮ ಬಾಯಿಗೆ ಬಂದರೆ ‘ವಗ್ಗು’ ಆಗುತ್ತದೆ, ಅಲ್ಲವೇ?

1984ರಲ್ಲಿ ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಇನ್ನೂ ಚಿಕ್ಕ ಮಕ್ಕಳತ್ತ ಹೋದರು. ಹಿಂದಿಯ ‘ತ’ ಮತ್ತು ‘ಟ’ ಸದ್ದುಗಳನ್ನು ಇಂಗ್ಲಿಷ್ ಮನೆಯ ಕೂಸುಗಳಿಗೆ ಕೇಳಿಸಿದರು. 6ರಿಂದ 8 ತಿಂಗಳ ಕೂಸುಗಳು ಎರಡನ್ನೂ ಬೇರೆ ಮಾಡಿ ಕೇಳಿಸಿಕೊಂಡವು. 10ರಿಂದ 12 ತಿಂಗಳಿನ ಹೊತ್ತಿಗೆ ಅದು ಬಹುತೇಕ ಹೋಗಿತ್ತು. ಅವರ ಮನೆಯಲ್ಲಿ ಆ ವ್ಯತ್ಯಾಸ ಬೇಕಾಗಿಯೇ ಇಲ್ಲ. ನಮ್ಮ ಮನೆಯಲ್ಲಿ ಬೇಕು. ಕತ್ತಿ ಬೇರೆ, ಕಟ್ಟಿ ಬೇರೆ. ಕತ್ತಿ ಕಟ್ಟಿ ಮೇಲೆ ನಿಂತೀತು, ಕಟ್ಟಿ ಕತ್ತಿ ಮೇಲೆ ನಿಲ್ಲಲಿಕ್ಕಿಲ್ಲ. ಮಗು ಒಂದು ಪದ ಆಡುವ ಮೊದಲೇ ಅದರ ಕಿವಿ ಊರಿನ ಕಿವಿ ಆಗಿರುತ್ತದೆ.

1996ರಲ್ಲಿ ಜೆನ್ನಿ ಸಾಫ್ರನ್ ಮತ್ತು ಸಂಗಡಿಗರು 8 ತಿಂಗಳ ಕೂಸುಗಳಿಗೆ ಅರ್ಥವಿಲ್ಲದ ಸದ್ದುಗಳ ಸರಣಿಯನ್ನು 2 ನಿಮಿಷ ಕೇಳಿಸಿದರು. ನಡುವೆ ಎಲ್ಲೂ ಬಿಡುವಿಲ್ಲ. ಯಾವ ಸದ್ದಿನ ನಂತರ ಯಾವುದು ಹೆಚ್ಚು ಸಲ ಬರುತ್ತದೆ ಎಂಬುದಷ್ಟೇ ಸುಳಿವು. ಅಷ್ಟರಿಂದಲೇ ಕೂಸುಗಳು ‘ಪದ’ಗಳನ್ನು ಗುರುತಿಸಿದವು. ಅಂದರೆ ಕೂಸು ತೊಟ್ಟಿಲಲ್ಲಿ ಮಲಗಿ ಲೆಕ್ಕ ಹಾಕುತ್ತಿರುತ್ತದೆ.

ಯಂತ್ರಕ್ಕೆ ದಂಡದ ಲೆಕ್ಕ

ಪಾಣಿನಿ ಸುಮಾರು 4,000 ಸೂತ್ರಗಳಲ್ಲಿ ಸಂಸ್ಕೃತವನ್ನು ಕಟ್ಟಿಟ್ಟ. 1968ರಲ್ಲಿ ನೋಮ್ ಚಾಮ್ಸ್ಕಿ ಮತ್ತು ಮಾರಿಸ್ ಹ್ಯಾಲೆ ಇಂಗ್ಲಿಷಿನ ಸದ್ದಿಗೆ ಅಂಥದೇ ಸೂತ್ರಗಳನ್ನು ಬರೆದರು. ಇವೆಲ್ಲ ಪಂಡಿತರು ಕಂಡ ಸೂತ್ರಗಳು. ಅವನ್ನು ಮಗು ಕೇಳುತ್ತ ಕೇಳುತ್ತ ಹೇಗೆ ಕಾಣುತ್ತದೆ ಎಂಬುದು ಬಾಕಿ ಉಳಿದಿತ್ತು.

1986ರಲ್ಲಿ ಡೇವಿಡ್ ರುಮೆಲ್‌ಹಾರ್ಟ್ ಮತ್ತು ಜೇಮ್ಸ್ ಮೆಕ್ಲೆಲೆಂಡ್ ಸೂತ್ರವನ್ನೇ ಕೊಡದೆ ಕಂಪ್ಯೂಟರಿಗೆ 420 ಇಂಗ್ಲಿಷ್ ಕ್ರಿಯಾಪದಗಳನ್ನು, ಅವುಗಳ ಭೂತಕಾಲದ ರೂಪದ ಜೊತೆ ಕೊಟ್ಟರು. ಕನ್ನಡದಲ್ಲಾದರೆ ಮಾಡು–ಮಾಡಿದ, ಓಡು–ಓಡಿದ, ಆದರೆ ಕೊಡು–ಕೊಟ್ಟ, ಬರು–ಬಂದ ಎಂದು ಕಲಿಸಿದಂತೆ. ಯಂತ್ರ ಬಹಳಷ್ಟು ಕಲಿತಿತು, ಮಕ್ಕಳು ಮಾಡುವಂಥ ತಪ್ಪುಗಳನ್ನೂ ಮಾಡಿತು. ಆದರೆ 1988ರಲ್ಲಿ ಸ್ಟೀವನ್ ಪಿಂಕರ್ ಮತ್ತು ಅಲನ್ ಪ್ರಿನ್ಸ್, ಅದು ಯಾವ ಮಗುವೂ ಆಡದ ವಿಚಿತ್ರ ರೂಪಗಳನ್ನೂ ಕೊಡುತ್ತದೆ ಎಂದು ಎತ್ತಿ ತೋರಿಸಿದರು. ಆ ವಾದ ಇವತ್ತಿಗೂ ಪೂರ್ತಿ ಮುಗಿದಿಲ್ಲ.

2008ರಲ್ಲಿ ಬ್ರೂಸ್ ಹೇಯ್ಸ್ ಮತ್ತು ಕಾಲಿನ್ ವಿಲ್ಸನ್ ಬೇರೊಂದು ದಾರಿ ಹಿಡಿದರು. ಅದನ್ನು ಪಂಚರು ದಂಡ ಹಾಕುವ ರೀತಿಯಲ್ಲಿ ಅರ್ಥ ಮಾಡಿಕೊಳ್ಳಬಹುದು. ಪ್ರತಿ ನಿಯಮಕ್ಕೂ ಒಂದು ದಂಡ. ನಿಯಮ ಮುರಿದ ರೂಪ ದಂಡ ಕಟ್ಟಬೇಕು. ಕಡಿಮೆ ದಂಡದ ರೂಪವೇ ಜನರ ಬಾಯಲ್ಲಿ ಹೆಚ್ಚು ಓಡಾಡುತ್ತದೆ. ಯಾವ ನಿಯಮ ಇರಬೇಕು, ಅದಕ್ಕೆ ಎಷ್ಟು ದಂಡ ಎಂಬುದನ್ನು ಯಂತ್ರವೇ ಕೇಳಿದ ಪದಗಳಿಂದ ಕಂಡುಕೊಳ್ಳುತ್ತದೆ.

ಇದೇ ಬಗೆಯ ಲೆಕ್ಕದಲ್ಲಿ ನಮ್ಮ ಬಸ್ಸನ್ನು ನೋಡೋಣ. ಅಂಕಿಗಳು ತಿಳಿಸಿ ಹೇಳಲು ನಾವೇ ಇಟ್ಟವು. ಪದ ವ್ಯಂಜನಕ್ಕೆ ಮುಗಿದರೆ 10 ರೂಪಾಯಿ ದಂಡ. ಇಲ್ಲದ ಸ್ವರ ಸೇರಿಸಿದರೆ 2. ವ್ಯಂಜನ ಇಮ್ಮಡಿ ಮಾಡಿದರೆ 1. ಕೇಳಿದ ಗುರುವನ್ನು ಲಘು ಮಾಡಿದರೆ 4. ಶಾಲೆಯಲ್ಲಿ ಛಂದಸ್ಸಿಗೆ ಗುರು-ಲಘು ಹಾಕಿದ್ದು ನೆನಪಿರಬೇಕು, ಅದೇ ಇದು.

‘ಬಸ್’ ಹಾಗೇ ಬಿಟ್ಟರೆ 10. ‘ಬಸು’ ಎಂದರೆ ಸ್ವರ ಸೇರಿತು, ಮೇಲೆ ಗುರುವಾಗಿದ್ದ ‘ಬಸ್’ ಲಘುವಾಯಿತು. 2ಕ್ಕೆ 4 ಕೂಡಿ 6. ‘ಬಸ್ಸು’ ಎಂದರೆ 2ಕ್ಕೆ 1 ಕೂಡಿ 3. ಗೆದ್ದದ್ದು ಬಸ್ಸು.

ಇನ್ನು ‘ಕಾರ್’. ಹಾಗೇ ಬಿಟ್ಟರೆ 10. ‘ಕಾ’ ದೀರ್ಘವಿದೆ, ತಾನೇ ಗುರು. ಹಾಗಾಗಿ ‘ಕಾರು’ ಎಂದರೆ ಬರೀ 2. ‘ಕಾರ್ರು’ ಎಂದರೆ 3. ಗೆದ್ದದ್ದು ಕಾರು. ಇದೇ ಲೆಕ್ಕವನ್ನು ಬಲ್ಬಿಗೆ ಹಾಕಿ. ‘ಬಲ್’ ಒತ್ತಕ್ಷರದ ಮುಂದಿದೆ, ಆಗಲೇ ಗುರು. ಆದ್ದರಿಂದ ‘ಬಲ್ಬು’ ಸಾಕು. ಪಂಪು, ಬ್ಯಾಂಕು ಕೂಡ ಹಾಗೇ. ಕಲ್ಲು, ಕಾಲುಗಳ ಹಳೆಯ ಲೆಕ್ಕ ಬಸ್ಸು, ಕಾರುಗಳಿಗೂ ಕೂಡಿಬಂತು.

ಆದರೆ ಇಲ್ಲಿ ಯಂತ್ರಕ್ಕೆ ಅಕ್ಷರದಲ್ಲಿ ಬರೆದ ಪದ ಕೊಟ್ಟಾಗಿದೆ. ಕೂಸಿಗೆ ಯಾರೂ ಅಕ್ಷರ ಕೊಡುವುದಿಲ್ಲ. 2007ರಲ್ಲಿ ಗೌತಮ್ ವಲ್ಲಭ, ಮೆಕ್ಲೆಲೆಂಡ್, ವರ್ಕರ್ ಮೊದಲಾದವರು ಇಂಗ್ಲಿಷ್ ಮತ್ತು ಜಪಾನಿ ತಾಯಂದಿರು ತಮ್ಮ ಕೂಸುಗಳ ಜೊತೆ ಆಡಿದ ಮಾತಿನಿಂದ ಸ್ವರಗಳ ಅಳತೆ ತೆಗೆದು ಕಂಪ್ಯೂಟರಿಗೆ ಕೊಟ್ಟರು. ಯಾವುದು ಯಾವ ಸ್ವರ, ಒಟ್ಟು ಎಷ್ಟು ಸ್ವರ ಎಂದು ಹೇಳಲಿಲ್ಲ. ಯಂತ್ರ ತಾನೇ ಗುಂಪು ಮಾಡಿಕೊಂಡಿತು. ಜಪಾನಿಯಲ್ಲಿ, ನಮ್ಮ ‘ಬಿಡು–ಬೀಡು’ ಹಾಗೆ, ಹ್ರಸ್ವ-ದೀರ್ಘದ ವ್ಯತ್ಯಾಸವಿದೆ. ಅದೂ ಬೇರೆಯಾಗಿ ಬಂತು. 2021ರಲ್ಲಿ ಥಾಮಸ್ ಶಾಟ್ಜ್ ಮತ್ತು ಸಂಗಡಿಗರು ಮಾತಿನ ಧ್ವನಿಯನ್ನೇ ನೇರವಾಗಿ ಕೇಳಿಸಿದರು. ಜಪಾನಿ ಕೇಳಿದ ಯಂತ್ರಕ್ಕೆ ಇಂಗ್ಲಿಷಿನ ‘ರ’ ಮತ್ತು ‘ಲ’ ಬೇರೆ ಮಾಡುವುದು ಕಷ್ಟವಾಯಿತು, ಇಂಗ್ಲಿಷ್ ಕೇಳಿದ್ದಕ್ಕೆ ಸುಲಭವಾಯಿತು. ಜಪಾನಿ ಮಕ್ಕಳಿಗೂ ಆಗುವುದು ಹೀಗೇ.

ಕೇಳದ್ದನ್ನು ಯಾರೂ ಕಲಿಯರು

ಈ ಎಲ್ಲ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಗಟ್ಟಿಯಾಗಿ ನಿಲ್ಲುತ್ತದೆ. ಮಗುವಾಗಲಿ ಯಂತ್ರವಾಗಲಿ ‘ಶುದ್ಧ ಭಾಷೆ’ಯನ್ನು ಕಲಿಯುವುದಿಲ್ಲ. ಕಿವಿಗೆ ಬಿದ್ದದ್ದರ ಕ್ರಮವನ್ನು ಕಲಿಯುತ್ತದೆ. ಕೇಳುವವರೇ ಸದ್ದಿನ ಬದಲಾವಣೆಗೆ ಒಂದು ಮೂಲ ಎಂದು ಜಾನ್ ಒಹಾಲಾ 1981ರಲ್ಲಿ ವಾದಿಸಿದ್ದರು. ಹಿರಿಯರು ಆಡಿದ್ದನ್ನು ಕಿರಿಯರು ತುಸು ಬೇರೆಯಾಗಿ ಕೇಳಿಸಿಕೊಂಡರೆ, ಅದೇ ಮುಂದಿನ ತಲೆಮಾರಿನ ಭಾಷೆ. ‘ಹಾಲು’ ಎಂದ ಮೊದಲ ಮಕ್ಕಳಿಗೆ ‘ಪಾಲ್’ ಎನ್ನುವ ಹಿರಿಯರು ತಪ್ಪು ಎಂದಿದ್ದರೆ ಆಶ್ಚರ್ಯವಿಲ್ಲ. ಇವತ್ತು ಪರೀಕ್ಷೆಯಲ್ಲಿ ‘ಪಾಲ್’ ಎಂದು ಬರೆದರೆ ಅಂಕ ಹೋಗುತ್ತದೆ.

ಶಾಲೆಯಲ್ಲಿ ಪುಸ್ತಕದ ಕನ್ನಡ ಕಲಿಯಬೇಕು ಎಂಬುದರಲ್ಲಿ ನಮಗೆ ತಕರಾರಿಲ್ಲ. ಅರ್ಜಿ ಬರೆಯಲು, ಪೇಪರ್ ಓದಲು, ನೌಕರಿಗೆ ಅದು ಬೇಕು. ಆದರೆ ‘ಮನಿ’ ಎಂದ ಮಗುವಿಗೆ ‘ನಿನಗೆ ಮಾತು ಬರುವುದಿಲ್ಲ’ ಎನ್ನುವುದು ಸುಳ್ಳು. ಮಾತು ತಡವಾಗುವ, ತೊದಲುವ ಮಕ್ಕಳ ಸಮಸ್ಯೆ ಬೇರೆ. ಅದಕ್ಕೆ ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕನ್ನಡ ಮಕ್ಕಳ ಉಚ್ಚಾರ ಪರೀಕ್ಷಿಸುವ ಸಾಧನ ಅಲ್ಲಿಂದ 1972ರಲ್ಲೇ ಬಂತು. ಊರ ಮಾತನ್ನು ಉಚ್ಚಾರದ ದೋಷ ಎಂದು ಎಣಿಸಬಾರದು ಎಂಬುದು ಆ ವಿದ್ಯೆಯ ಮೊದಲ ಪಾಠಗಳಲ್ಲಿ ಒಂದು.

ಇನ್ನು ಫೋನು. ಈಗ ಅದು ಮಾತು ಕೇಳಿ ಬರೆಯುತ್ತದೆ. ಮುಂದೆ ಬೆಳೆ ವಿಮೆ, ಮಾರುಕಟ್ಟೆ ದರ, ಬ್ಯಾಂಕಿನ ವಿಚಾರಣೆ ಮಾತಿನಲ್ಲೇ ನಡೆಯುವ ದಿನ ದೂರವಿಲ್ಲ. 2022ರಲ್ಲಿ ಬಂದ ವಿಸ್ಪರ್ ಎಂಬ ಯಂತ್ರವನ್ನು 6,80,000 ತಾಸು ಧ್ವನಿ ಕೇಳಿಸಿ ತಯಾರು ಮಾಡಿದ್ದರು. ಅದರಲ್ಲಿ ಬಹುಪಾಲು ಇಂಗ್ಲಿಷ್. ದಿನಕ್ಕೆ 8 ತಾಸು ಮಾತು ಕಿವಿಗೆ ಬಿದ್ದರೂ 4 ವರ್ಷದ ನಮ್ಮ ಮಗು ಕೇಳಿರುವುದು 12,000 ತಾಸಿಗಿಂತ ಕಡಿಮೆ. ಅಷ್ಟರಲ್ಲೇ ಅದು ಮನಿ, ಮನ್ಯಾಗ, ಬರಾಕತ್ತಾನ ಎಲ್ಲ ಕಲಿತಿರುತ್ತದೆ. ಯಂತ್ರ ಆ ಜಾಣತನಕ್ಕೆ ಇನ್ನೂ ಮುಟ್ಟಿಲ್ಲ. ಅದಕ್ಕೆ ಬಹಳ ಕೇಳಿಸಬೇಕು. ಪಟ್ಟಣದ ಕನ್ನಡ, ಸುದ್ದಿ ಓದುವವರ ಕನ್ನಡ ಮಾತ್ರ ಕೇಳಿಸಿದರೆ ಅದು ಅಷ್ಟನ್ನೇ ಕಲಿಯುತ್ತದೆ. ‘ಹೊಲದಾಗ ನೀರ ನಿಂತೈತಿ’ ಎಂಬ ರೈತನ ಮಾತು ಅದಕ್ಕೆ ತೊದಲಿನಂತೆ ಕೇಳಿಸೀತು. ತಪ್ಪು ಯಂತ್ರದ್ದು, ನಷ್ಟ ರೈತನದ್ದು.

ಈ ಅಂತರ ತುಂಬುವ ಕೆಲಸ ಶುರುವಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ರೆಸ್ಪಿನ್’ ಯೋಜನೆ 9 ಭಾಷೆಗಳ ಒಳನುಡಿಗಳ ಧ್ವನಿಯನ್ನು ಕೃಷಿ ಮತ್ತು ಹಣಕಾಸಿನ ವಿಷಯದಲ್ಲಿ ಕೂಡಿಹಾಕಿದೆ. ಅದರಲ್ಲಿ ಕನ್ನಡವೂ ಇದೆ. ಅದೇ ಸಂಸ್ಥೆಯ ಸಂಗಡ ನಡೆದಿರುವ ‘ವಾಣಿ’ ಯೋಜನೆ ಜಿಲ್ಲೆ ಜಿಲ್ಲೆಯಿಂದ ಮಾತು ಸಂಗ್ರಹಿಸುತ್ತಿದೆ. ನಿಮ್ಮ ಊರಿಗೆ ಅಂಥವರು ಬಂದರೆ, ಮಾತು ಯಾತಕ್ಕೆ ಬಳಸುತ್ತಾರೆ, ಕೂಲಿ ಎಷ್ಟು ಎಂದು ಮೊದಲು ಕೇಳಿ. ಒಪ್ಪಿಗೆಯಾದರೆ ಟಿವಿಯವರ ಹಾಗೆ ಮಾತಾಡಲು ಹೋಗಬೇಡಿ, ಮನೆಯಲ್ಲಿ ಆಡಿದಂತೆ ಆಡಿ. ಯಂತ್ರಕ್ಕೆ ಬೇಕಾಗಿರುವುದು ಅದೇ.

ಅಲ್ಲಿಯವರೆಗೆ ಬರ್ಕೊ ಅವರ ಪರೀಕ್ಷೆಯನ್ನು ನಿಮ್ಮ ಮನೆಯಲ್ಲೇ ಮಾಡಬಹುದು. ನಾಲ್ಕೈದು ವರ್ಷದ ಮಗುವಿಗೆ ಯಾವುದಾದರೂ ಹೊಸ ಆಟಿಕೆ ತೋರಿಸಿ ‘ಇದು ಟಮ್’ ಎನ್ನಿ. ಇನ್ನೊಂದನ್ನು ತೋರಿಸಿ ‘ಇದು ಟಾಮ್’ ಎನ್ನಿ. ಆಮೇಲೆ ಎರಡನ್ನೂ ಬಚ್ಚಿಟ್ಟು, ಏನು ಬೇಕು ಎಂದು ಕೇಳಿ. ‘ಟಮ್ಮು ಕೊಡು’ ಎನ್ನುತ್ತದೆಯೋ, ‘ಟಾಮು ಕೊಡು’ ಎನ್ನುತ್ತದೆಯೋ ಕಿವಿಗೊಟ್ಟು ಕೇಳಿ. ಕೇಳಿದ್ದನ್ನು ನಮಗೂ ಬರೆದು ತಿಳಿಸಿ, ಊರ ಹೆಸರಿನ ಜೊತೆ.